ಯಂತ್ರ ಹಾಸಿದ ಹಳಿ, ಮನುಷ್ಯ ಅಳೆದ ಏರು

ಒಂಟಿ ಹಳಿಯ ಮಾರ್ಗದಲ್ಲಿ ಓಡಾಡಿದವರಿಗೆಲ್ಲ ‘ಕ್ರಾಸಿಂಗ್‌ಗೆ ನಿಲ್ಲಿಸಿದ್ದಾರೆ’ ಎಂಬ ಮಾತು ಚೆನ್ನಾಗಿ ಗೊತ್ತು. ಯಾವುದೋ ಸಣ್ಣ ಸ್ಟೇಷನ್ನಿನ ಲೂಪ್ ಲೈನಿನಲ್ಲಿ ಗಾಡಿ ನಿಂತಿರುತ್ತದೆ. ಎದುರಿನಿಂದ ಬರಬೇಕಾದದ್ದು ಬಂದು ದಾಟುವವರೆಗೂ ಸಿಗ್ನಲ್ ಕೆಂಪು. ಕಂಪ್ಯೂಟರಿನಲ್ಲಿ ರೈಲು ಓಡಿಸುವ ಸಿಮ್ಯುಲೇಟರ್ ಆಟಗಳಲ್ಲೂ ಇದೇ ನಡೆಯುತ್ತದೆ. ಆಟಗಾರ ತನ್ನ ಗಾಡಿಯನ್ನು ಲೂಪಿಗೆ ತಂದು ನಿಲ್ಲಿಸುತ್ತಾನೆ. ದೂರದ ತಿರುವಿನಲ್ಲಿ ಹೆಡ್‌ಲೈಟ್ ಕಾಣಿಸುತ್ತದೆ. ಎದುರಿನ ಗಾಡಿ ಪಾಯಿಂಟ್ ದಾಟಿ ಹೋದ ಮೇಲೆ ಸಿಗ್ನಲ್ ಹಸಿರಾಗುತ್ತದೆ. ಆ ಗಾಡಿಯನ್ನು ಓಡಿಸಿದ್ದು ಆಟದ ಪ್ರೋಗ್ರಾಮು. ಚಾಟ್‌ಜಿಪಿಟಿಯ ಹೆಸರು ಹುಟ್ಟುವುದಕ್ಕೂ ಎರಡು ದಶಕ ಮೊದಲೇ ರೈಲು ಸಿಮ್ಯುಲೇಟರ್ ಮಂದಿ ಅಂಥ ಗಾಡಿಗಳನ್ನು ‘ಎಐ ರೈಲು’ ಎಂದು ಕರೆಯುತ್ತಿದ್ದರು.

ಈಗ ಎಐ ಬೇರೆ ಬೇರೆ ಬಾಗಿಲುಗಳಿಂದಲೂ ಈ ಆಟಗಳ ಒಳಗೆ ಬರುತ್ತಿದೆ. ಉಪಗ್ರಹ ಚಿತ್ರ ನೋಡಿ ಊರು ಕಟ್ಟುತ್ತದೆ, ಪ್ಲಾಟ್‌ಫಾರ್ಮಿನ ಘೋಷಣೆಗೆ ದನಿ ಕೊಡುತ್ತದೆ, ಪ್ರೋಗ್ರಾಮಿನ ಸಾಲುಗಳನ್ನು ಬರೆಯುತ್ತದೆ. ಇದರಲ್ಲಿ ಯಾವ ಕೆಲಸವನ್ನು ಯಂತ್ರಕ್ಕೆ ಬಿಡಬಹುದು, ಯಾವುದನ್ನು ಬಿಡಬಾರದು ಎಂದು ತೀರ್ಮಾನಿಸಲು ಒಂದೇ ಪ್ರಶ್ನೆ ಸಾಕು: ಯಂತ್ರ ತಪ್ಪಿದರೆ ಅದನ್ನು ಹಿಡಿಯಲು ನಮ್ಮ ಕೈಯಲ್ಲಿ ಅಳತೆಗೋಲು ಇದೆಯೇ?

ಮೊದಲು ಹಳೆಯ ಎಐ ನೋಡೋಣ. ಜಪಾನಿನ ಟೈಟೊ ಕಂಪನಿ 1996ರಲ್ಲಿ ‘ಡೆನ್ಶಾ ದೆ ಗೋ’ ಎಂಬ ಆರ್ಕೇಡ್ ಆಟ ತಂದಿತು. ಪ್ಲಾಟ್‌ಫಾರ್ಮಿನಲ್ಲಿ ಸರಿಯಾದ ಜಾಗಕ್ಕೆ, ಸರಿಯಾದ ಸೆಕೆಂಡಿಗೆ ಗಾಡಿ ನಿಲ್ಲಿಸುವುದೇ ಅಲ್ಲಿನ ಸವಾಲು. 2001ರಲ್ಲಿ ಎರಡು ದೊಡ್ಡ ಹೆಸರುಗಳು ಬಂದವು: ಬ್ರಿಟನ್ನಿನ ಕುಜು ಸಂಸ್ಥೆ ರೂಪಿಸಿದ ಮೈಕ್ರೋಸಾಫ್ಟ್ ಟ್ರೈನ್ ಸಿಮ್ಯುಲೇಟರ್ ಮತ್ತು ಆಸ್ಟ್ರೇಲಿಯಾದ ಔರನ್ ಸಂಸ್ಥೆಯ ಟ್ರೈನ್ಜ್. ಮೈಕ್ರೋಸಾಫ್ಟ್ ತನ್ನ ಆಟದ ಎರಡನೇ ಆವೃತ್ತಿಯನ್ನು 2009ರಲ್ಲಿ ಅರ್ಧಕ್ಕೆ ಕೈಬಿಟ್ಟಿತು. ಆದರೆ ಮೊದಲನೆಯದಕ್ಕಾಗಿ ಪ್ರಪಂಚದ ಅಭಿಮಾನಿಗಳು ಕಟ್ಟಿದ್ದ ಸಾವಿರಾರು ಎಂಜಿನ್, ಬೋಗಿ, ಮಾರ್ಗಗಳು ಹಾಳಾಗಲಿಲ್ಲ. ಸ್ವಯಂಸೇವಕರು ಸೇರಿ ಓಪನ್ ರೈಲ್ಸ್ ಎಂಬ ಮುಕ್ತ ತಂತ್ರಾಂಶ ಬರೆದರು. ಹಳೆಯ ಕಡತಗಳನ್ನೇ ಓದಿಕೊಂಡು ಹೊಸ ಕಂಪ್ಯೂಟರುಗಳಲ್ಲಿ ರೈಲು ಓಡಿಸುವ ಅದರ ಮೊದಲ ಪೂರ್ಣ ಆವೃತ್ತಿ 2015ರಲ್ಲಿ ಹೊರಬಂತು. ಭಾರತದ ಅಭಿಮಾನಿಗಳು ಕಟ್ಟಿದ ಡಬ್ಲ್ಯುಡಿಎಂ, ಡಬ್ಲ್ಯುಎಪಿ ಸರಣಿಯ ಎಂಜಿನ್‌ಗಳೂ ಅದರಲ್ಲಿ ಓಡುತ್ತವೆ.

ಓಪನ್ ರೈಲ್ಸ್‌ನ ಮೂಲ ಸಂಕೇತ ಯಾರು ಬೇಕಾದರೂ ತೆರೆದು ಓದುವಂತಿದೆ. ಎಐ ರೈಲಿನ ತಲೆಯೊಳಗೆ ಏನಿದೆ ಎಂದು ಅಲ್ಲಿ ಹುಡುಕಿದರೆ ಸಿಗುವುದು ಕೆಲವೇ ಸ್ಥಿತಿಗಳ ಪಟ್ಟಿ: ನಿಂತಿದೆ, ನಿಲ್ದಾಣದಲ್ಲಿದೆ, ಬ್ರೇಕ್ ಹಾಕುತ್ತಿದೆ, ವೇಗ ಏರಿಸುತ್ತಿದೆ, ಮುಂದಿನ ಗಾಡಿಯನ್ನು ಹಿಂಬಾಲಿಸುತ್ತಿದೆ, ಓಡುತ್ತಿದೆ. ಪ್ರತಿ ಕ್ಷಣವೂ ಗಾಡಿ ಇದರಲ್ಲಿ ಒಂದು ಸ್ಥಿತಿಯಲ್ಲಿರುತ್ತದೆ. ಮುಂದಿನ ಸಿಗ್ನಲ್ ಕೆಂಪಾದರೆ, ಸ್ಟೇಷನ್ ಹತ್ತಿರವಾದರೆ ಇನ್ನೊಂದಕ್ಕೆ ದಾಟುತ್ತದೆ. ಇಲ್ಲಿ ಕಲಿಕೆ ಇಲ್ಲ, ಊಹೆ ಇಲ್ಲ. ಗಾಡಿ ಏಕೆ ನಿಂತಿತು ಎಂದು ಕೇಳಿದರೆ ಕಾರಣವನ್ನು ಬೆರಳಿಟ್ಟು ತೋರಿಸಬಹುದು. ಇಪ್ಪತ್ತು ವರ್ಷ ಈ ಆಟಗಳು ಬಾಳಿ ಬಂದದ್ದು ಇಂಥ ಸರಳ ತರ್ಕದ ಮೇಲೆ.

ದಾರಿ ಹುಡುಕುವ ಕೆಲಸಕ್ಕೆ ಇನ್ನೂ ಹಳೆಯ ವಿದ್ಯೆಯೊಂದಿದೆ. 1968ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನ ಪೀಟರ್ ಹಾರ್ಟ್, ನಿಲ್ಸ್ ನಿಲ್ಸನ್, ಬರ್ಟ್ರಮ್ ರಾಫೆಲ್ ಎಂಬ ಮೂವರು ‘ಎ-ಸ್ಟಾರ್’ ಎಂಬ ವಿಧಾನವನ್ನು ಪ್ರಕಟಿಸಿದರು. ಅವರ ಮುಂದಿದ್ದದ್ದು ಕೋಣೆಯೊಳಗೆ ಓಡಾಡುವ ಶೇಕಿ ಎಂಬ ರೋಬೋಟ್. ಇಲ್ಲಿಯವರೆಗೆ ಬಂದ ಖರ್ಚು ಮತ್ತು ಇನ್ನು ಮುಂದೆ ಬರಬಹುದಾದ ಖರ್ಚಿನ ಅಂದಾಜು, ಇವೆರಡನ್ನೂ ಕೂಡಿಸಿ ಅತಿ ಕಡಿಮೆ ಬರುವ ದಾರಿಯನ್ನೇ ಮೊದಲು ಪರೀಕ್ಷಿಸುವುದು ಅದರ ತಿರುಳು. ಕ್ರಿಸ್ ಸಾಯರ್ 1994ರಲ್ಲಿ ರೂಪಿಸಿದ ‘ಟ್ರಾನ್ಸ್‌ಪೋರ್ಟ್ ಟೈಕೂನ್’ ಆಟದ ಮುಕ್ತ ಅವತಾರವಾದ ಓಪನ್ ಟಿಟಿಡಿಯಲ್ಲಿ ಇಂದಿಗೂ ರೈಲುಗಳು ದಾರಿ ಹಿಡಿಯುವುದು ಇದೇ ವಿಧಾನದಲ್ಲಿ. ಅಲ್ಲಿ ‘ಖರ್ಚು’ ಎಂದರೆ ಬರೀ ದೂರವಲ್ಲ. ಕೆಂಪು ಸಿಗ್ನಲ್ ಅಡ್ಡ ಬಂದರೆ ದಂಡ, ಪ್ಲಾಟ್‌ಫಾರ್ಮಿನಲ್ಲಿ ಬೇರೆ ಗಾಡಿ ನಿಂತಿದ್ದರೆ ಅದಕ್ಕೂ ದಂಡ. ಈ ದಂಡದ ಅಂಕಿಗಳನ್ನು ಸ್ವಲ್ಪ ಹಿಗ್ಗಿಸಿ ಕುಗ್ಗಿಸಿದರೆ ಸಾಕು, ಇಡೀ ಜಂಕ್ಷನ್ನಿನ ನಡವಳಿಕೆ ಬದಲಾಗುತ್ತದೆ.

ಒಂದು ಗಾಡಿಗೆ ದಾರಿ ತೋರಿಸುವುದು ಹೀಗೆ ಸುಲಭ. ನೂರು ಗಾಡಿಗಳು ಒಂದೇ ಹಳಿಗೆ ಬಿದ್ದಾಗ ಕಷ್ಟ ಶುರುವಾಗುತ್ತದೆ. ಎರಡು ಗಾಡಿಗಳು ಒಂಟಿ ಹಳಿಯ ಮೇಲೆ ಮುಖಾಮುಖಿಯಾಗಿ ನಿಂತರೆ ಮುಗಿಯಿತು. ಕಾರುಗಳಂತೆ ಪಕ್ಕಕ್ಕೆ ಸರಿಯುವ ಹಾಗಿಲ್ಲ, ಹಿಂದೆ ಹೋಗೋಣವೆಂದರೆ ಬೆನ್ನ ಹಿಂದೆ ಇನ್ನೊಂದು ಗಾಡಿ ಬಂದಿರುತ್ತದೆ. ಆಟದ ಮಾರ್ಗ ಕಟ್ಟುವವರು ಹಗಲು ರಾತ್ರಿ ಗುದ್ದಾಡುವುದು ಇದರ ಜೊತೆಯಲ್ಲೇ. ಆಟಗಾರ ಹತ್ತು ನಿಮಿಷ ತಡ ಮಾಡಿದರೆ ಸಾಕು, ಕಾಗದದ ಮೇಲೆ ಅಚ್ಚುಕಟ್ಟಾಗಿದ್ದ ವೇಳಾಪಟ್ಟಿ ಕುಸಿದು ಮೂರು ಸ್ಟೇಷನ್ ಆಚೆ ಎರಡು ಎಐ ರೈಲುಗಳು ಎದುರುಬದುರು ಸಿಕ್ಕಿಬೀಳುತ್ತವೆ.

ಇದು ನಿಜವಾದ ರೈಲ್ವೆಗಳ ತಲೆನೋವು ಕೂಡ. ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ರೈಲ್ವೆ ಎಸ್‌ಬಿಬಿ ದಿನಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಗಾಡಿಗಳನ್ನು ನಿಭಾಯಿಸುತ್ತದೆ. ಎಲ್ಲೋ ಒಂದು ಎಂಜಿನ್ ಕೆಟ್ಟರೆ ಉಳಿದವುಗಳನ್ನು ಹೇಗೆ ಮರುಜೋಡಿಸಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಅದು 2019ರಲ್ಲಿ ಎಐಕ್ರೌಡ್ ಎಂಬ ವೇದಿಕೆಯ ಜೊತೆ ಸೇರಿ ‘ಫ್ಲ್ಯಾಟ್‌ಲ್ಯಾಂಡ್’ ಎಂಬ ಸಿಮ್ಯುಲೇಟರನ್ನು ಎಲ್ಲರಿಗೂ ತೆರೆದಿಟ್ಟು ಸ್ಪರ್ಧೆ ಏರ್ಪಡಿಸಿತು. ನೋಡಲು ಅದು ಮಕ್ಕಳ ಆಟದಂತಿದೆ. ಚೌಕಗಳ ಹಾಸು, ಅದರ ಮೇಲೆ ಹಳಿ, ಒಂದು ಚೌಕದಲ್ಲಿ ಒಂದೇ ಗಾಡಿ. ಪ್ರತಿ ಗಾಡಿಗೂ ಐದೇ ಆಯ್ಕೆ: ಎಡಕ್ಕೆ, ನೇರಕ್ಕೆ, ಬಲಕ್ಕೆ, ನಿಲ್ಲು, ಇದ್ದಂತೆಯೇ ಮುಂದುವರಿ. ನಡುನಡುವೆ ಯಾವುದಾದರೂ ಗಾಡಿ ಮುನ್ಸೂಚನೆಯಿಲ್ಲದೆ ಕೆಟ್ಟು ನಿಲ್ಲುತ್ತದೆ. ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಗುರಿ ಮುಟ್ಟಿಸಬೇಕು.

ಆಯೋಜಕರ ಆಸೆ ಇದ್ದದ್ದು ‘ರಿಇನ್‌ಫೋರ್ಸ್‌ಮೆಂಟ್ ಲರ್ನಿಂಗ್’ ಮೇಲೆ. ಸರಿ ಮಾಡಿದರೆ ಅಂಕ, ತಪ್ಪಿದರೆ ದಂಡ, ಲಕ್ಷಾಂತರ ಸಲ ಆಡಿ ತಾನಾಗಿ ಕಲಿಯುವ ವಿಧಾನವದು. ಗೋ ಆಟದಲ್ಲಿ ಮನುಷ್ಯ ಚಾಂಪಿಯನ್ನರನ್ನು ಸೋಲಿಸಿದ ಯಂತ್ರಗಳ ಹಿಂದೆ ಇದ್ದದ್ದೂ ಅದೇ. 2020ರಲ್ಲಿ ನ್ಯೂರಿಪ್ಸ್ ಎಂಬ ಎಐ ಸಂಶೋಧಕರ ಸಮ್ಮೇಳನದ ಅಂಗವಾಗಿ ಈ ಸ್ಪರ್ಧೆ ನಡೆಯಿತು. ಗೆದ್ದದ್ದು ಮಾತ್ರ ಕಲಿಯುವ ಯಂತ್ರವಲ್ಲ. ಜಿಯಾಯಾಂಗ್ ಲಿ, ಜೆ಼ ಚೆನ್, ಡೇನಿಯಲ್ ಹರಬೋರ್, ಪೀಟರ್ ಸ್ಟಕಿ, ಸ್ವೆನ್ ಕೋನಿಗ್ ಮೊದಲಾದ ಸಂಶೋಧಕರ ತಂಡ ಎ-ಸ್ಟಾರ್ ವಂಶದ ಯೋಜನಾ ವಿಧಾನಗಳನ್ನೇ ಹದಗೊಳಿಸಿ ಮೊದಲ ಸ್ಥಾನ ಪಡೆಯಿತು. ಸಾವಿರಾರು ಗಾಡಿಗಳಿಗೆ ಕೆಲವೇ ನಿಮಿಷಗಳಲ್ಲಿ ಡಿಕ್ಕಿಯಿಲ್ಲದ ದಾರಿ ಹಾಕಿಕೊಡಬಲ್ಲ ತಂತ್ರವದು.

ಅವರ ಉಪಾಯಗಳಲ್ಲಿ ಒಂದು ಬಹಳ ಸೊಗಸಾಗಿದೆ. ಮೊದಲು ಎಲ್ಲ ಗಾಡಿಗಳಿಗೂ ಒಂದು ಯೋಜನೆ ಹಾಕುತ್ತಾರೆ. ಅದರಲ್ಲಿ ಪ್ರತಿ ಚೌಕವನ್ನೂ ಯಾವ ಗಾಡಿ ಮೊದಲು, ಯಾವುದು ಆಮೇಲೆ ದಾಟುತ್ತದೆ ಎಂಬ ಸರದಿ ಬರೆದಿರುತ್ತದೆ. ನಡುವೆ ಒಂದು ಗಾಡಿ ಕೆಟ್ಟಿತು ಎನ್ನಿ. ಆಗ ಹೊತ್ತು ಏರುಪೇರಾದರೂ ಸರದಿಯನ್ನು ಮಾತ್ರ ಮುರಿಯುವುದಿಲ್ಲ. ಎರಡನೆಯದಾಗಿ ದಾಟಬೇಕಾದದ್ದು ಮೊದಲನೆಯದು ದಾಟುವವರೆಗೂ ಕಾಯುತ್ತದೆ. ಸರದಿ ಉಳಿದರೆ ಮುಖಾಮುಖಿ ಸಿಕ್ಕಿಬೀಳುವುದು ಸಾಧ್ಯವೇ ಇಲ್ಲ ಎಂದು ಗಣಿತದಿಂದ ಸಾಧಿಸಬಹುದು. ಹೀಗೆ ಎಲ್ಲ ಗಾಡಿಗಳೂ ಸುರಕ್ಷಿತವಾದ ಮೇಲೆ, ಸಮಯವಿದ್ದರೆ ಕೆಲವು ಗಾಡಿಗಳ ಯೋಜನೆಯನ್ನು ಬಿಡಿಸಿ ಮತ್ತೆ ಕಟ್ಟಿ ವಿಳಂಬ ಕಡಿಮೆ ಮಾಡುತ್ತಾರೆ. ಕಲಿಯುವ ಯಂತ್ರಗಳು ಸೋತದ್ದಕ್ಕೆ ಕಾರಣವೂ ಇಲ್ಲೇ ಇದೆ: ಪ್ರತಿ ಗಾಡಿಯೂ ತನ್ನ ಸುತ್ತಲಿನದನ್ನಷ್ಟೇ ನೋಡಿ ನಿರ್ಧರಿಸುವಾಗ, ಈಗ ಇಡುವ ಒಂದು ಹೆಜ್ಜೆ ಬಹಳ ಹೊತ್ತಿನ ಮೇಲೆ ದೂರದಲ್ಲೆಲ್ಲೋ ಗಂಟಾಗುತ್ತದೆ ಎಂಬುದನ್ನು ಕಲಿಯುವುದು ತುಂಬ ಕಷ್ಟ. ಸಿಮ್ಯುಲೇಟರ್ ಆಟ ಕಟ್ಟುವವರು ಈ ಫಲಿತಾಂಶವನ್ನು ಗಂಭೀರವಾಗಿ ಓದಬೇಕು. ಗಾಡಿಗಳ ಓಡಾಟಕ್ಕೆ ಹೊಸ ಫ್ಯಾಷನ್ನಿನ ಮಾದರಿಗಿಂತ, ಸರಿ ಎಂದು ಸಾಬೀತು ಮಾಡಬಹುದಾದ ಹಳೆಯ ವಿದ್ಯೆಯೇ ಇಂದಿಗೂ ಮೇಲು.

ಇನ್ನು ನೋಟದ ಕಡೆ ಬರೋಣ. ಎಐ ಬಲದಿಂದ ಆಟದ ಲೋಕ ಕಟ್ಟಿದ ಅತಿ ದೊಡ್ಡ ಉದಾಹರಣೆ ಸಿಗುವುದು ವಿಮಾನದ ಆಟದಲ್ಲಿ. 2020ರ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ಗಾಗಿ ಆಸ್ಟ್ರಿಯಾದ ಗ್ರಾಜ್ ನಗರದ ಬ್ಲ್ಯಾಕ್‌ಶಾರ್ಕ್ ಎಂಬ ಸಂಸ್ಥೆ ಉಪಗ್ರಹ ಮತ್ತು ವಿಮಾನ ಚಿತ್ರಗಳನ್ನು ಯಂತ್ರಕ್ಕೆ ಉಣಿಸಿ, ಭೂಮಿಯ ಮೇಲಿನ ಸುಮಾರು 150 ಕೋಟಿ ಕಟ್ಟಡಗಳನ್ನು ಮೂರು ಆಯಾಮದಲ್ಲಿ ಎಬ್ಬಿಸಿತು. ಮನುಷ್ಯರು ಕುಳಿತು ಮಾಡಿದ್ದರೆ ತಲೆಮಾರುಗಳೇ ಬೇಕಾಗುತ್ತಿದ್ದವು. ಆಟ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಮೆಲ್ಬರ್ನ್ ಹೊರವಲಯದ ಸಾಧಾರಣ ಮನೆಗಳ ಮಧ್ಯೆ ಆಕಾಶ ಮುಟ್ಟುವ ಒಂದು ಸಪೂರ ಗೋಪುರ ಆಟಗಾರರ ಕಣ್ಣಿಗೆ ಬಿತ್ತು. ಯಾರು ಬೇಕಾದರೂ ತಿದ್ದಬಹುದಾದ ಓಪನ್ ಸ್ಟ್ರೀಟ್ ಮ್ಯಾಪ್ ಎಂಬ ನಕ್ಷೆಯಲ್ಲಿ ಯಾರೋ ಒಂದು ಕಟ್ಟಡದ ಮಹಡಿಗಳ ಸಂಖ್ಯೆ 2 ಎಂದು ಒತ್ತುವ ಬದಲು 212 ಎಂದು ಒತ್ತಿದ್ದರು. ಯಂತ್ರ ಅದನ್ನು ನಂಬಿ ಕಟ್ಟಿಬಿಟ್ಟಿತ್ತು. ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆ ಕೂಡ ಕಚೇರಿ ಕಟ್ಟಡದಂತೆ ಕಾಣುತ್ತಿತ್ತು.

ವಿಮಾನದ ಆಟಗಾರನಿಗೆ ಇದು ನಕ್ಕು ಬಿಡುವ ಸಂಗತಿ. ಅವನು ಊರನ್ನು ನೋಡುವುದು ಸಾವಿರಾರು ಅಡಿ ಮೇಲಿನಿಂದ. ರೈಲಿನ ಆಟಗಾರ ಊರಿನ ಹಿತ್ತಿಲ ಪಕ್ಕದಲ್ಲೇ, ಹತ್ತು ಮೀಟರ್ ದೂರದಲ್ಲಿ, ಗಂಟೆಗೆ ಮೂವತ್ತು ಕಿಲೋಮೀಟರ್ ವೇಗದಲ್ಲಿ ಹಾದುಹೋಗುತ್ತಾನೆ. ಗೇಟ್‌ಮನ್ ಗುಡಿಸಲು ಎಲ್ಲಿದೆ, ಸೇತುವೆಯ ಕಂಬಕ್ಕೆ ಕಲ್ಲೋ ಕಾಂಕ್ರೀಟೋ, ಹೋಮ್ ಸಿಗ್ನಲ್ ತಿರುವಿನ ಯಾವ ಬದಿಗಿದೆ ಎಂದು ಆ ಮಾರ್ಗದಲ್ಲಿ ಓಡಾಡಿದವನಿಗೆ ಬಾಯಿಪಾಠ. ಅಂಥವನ ಕಣ್ಣು ತಪ್ಪಿಸುವುದು ಕಷ್ಟ.

ಕಣ್ಣಿಗಿಂತ ಎಂಜಿನ್ ಇನ್ನೂ ನಿಷ್ಠುರ. ಇದನ್ನು ಹತ್ತಿರದಿಂದ ನೋಡಲು ನಮ್ಮ ಸಕಲೇಶಪುರ ಘಾಟಿಗಿಂತ ಒಳ್ಳೆಯ ಜಾಗವಿಲ್ಲ. ಸಕಲೇಶಪುರದಿಂದ ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು ದಾಟಿ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರ್. 57 ಸುರಂಗ, ನೂರಕ್ಕೂ ಮಿಕ್ಕಿದ ಸೇತುವೆ. ಏರು 50ಕ್ಕೆ 1, ಎಂದರೆ ಐವತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ. ಈ ಮಾರ್ಗವನ್ನು ಆಟಕ್ಕಾಗಿ ಕಟ್ಟಲು ಹೊರಟವರು ಮೊದಲು ಕೈಹಾಕುವುದು ನೆಲದ ಎತ್ತರದ ಮಾಹಿತಿಗೆ. ಅದು ಉಚಿತವಾಗಿಯೇ ಸಿಗುತ್ತದೆ. 2000ದ ಫೆಬ್ರುವರಿಯಲ್ಲಿ ಅಮೆರಿಕದ ಎಂಡೆವರ್ ಬಾಹ್ಯಾಕಾಶ ನೌಕೆ ಹನ್ನೊಂದು ದಿನ ಭೂಮಿ ಸುತ್ತಿ ರೇಡಾರ್‌ನಿಂದ ಬಹುಪಾಲು ನೆಲದ ಎತ್ತರವನ್ನು ಅಳೆಯಿತು. ಸುಮಾರು ಮೂವತ್ತು ಮೀಟರಿಗೆ ಒಂದು ಬಿಂದುವಿನಂತೆ ಆ ಅಳತೆ ಇಂದು ಎಲ್ಲರಿಗೂ ಮುಕ್ತ.

ಲೆಕ್ಕ ಹಾಕಿ ನೋಡಿ. 50ಕ್ಕೆ 1ರ ಏರಿನಲ್ಲಿ ಮೂವತ್ತು ಮೀಟರಿಗೆ ಹಳಿ ಏರುವುದು ಅರವತ್ತು ಸೆಂಟಿಮೀಟರ್. ರೇಡಾರ್ ಅಳತೆಯಲ್ಲಿ ಇರಬಹುದಾದ ತಪ್ಪು ಹಲವು ಮೀಟರ್. ಜೊತೆಗೆ ಆ ರೇಡಾರ್ ಕಂಡದ್ದು ಬಹುಮಟ್ಟಿಗೆ ಪಶ್ಚಿಮಘಟ್ಟದ ಮರಗಳ ನೆತ್ತಿಯನ್ನು. ಸುರಂಗ ಇರುವಲ್ಲಿ ಅದಕ್ಕೆ ಕಾಣುವುದು ಗುಡ್ಡದ ತಲೆ, ಸೇತುವೆ ಇರುವಲ್ಲಿ ಕಣಿವೆಯ ತಳ. ಆ ಅಂಕಿಗಳನ್ನು ನೆಚ್ಚಿಕೊಂಡು ಯಂತ್ರ ತಾನಾಗಿ ಹಳಿ ಹಾಸಿದರೆ ಗಾಡಿ ಗುಡ್ಡದ ಮೇಲೆ ಹತ್ತಿ ಕಣಿವೆಗೆ ಧುಮುಕುತ್ತದೆ. ನಯಗೊಳಿಸಿದರೂ ಏರು ಒಂದು ಕಡೆ 20ಕ್ಕೆ 1, ಇನ್ನೊಂದು ಕಡೆ ಸಮತಟ್ಟು ಎಂಬಂತಾಗುತ್ತದೆ. ನೋಡಲು ಹಸಿರು ಘಾಟಿಯೇ. ಓಡಿಸಿದರೆ ಮಾತ್ರ ಸಕಲೇಶಪುರವಲ್ಲ.

ಇದನ್ನು ತಿದ್ದುವ ಅಳತೆಗೋಲು ಸ್ಟೇಷನ್ನಿನಲ್ಲೇ ನೆಟ್ಟಿರುತ್ತದೆ. ಪ್ಲಾಟ್‌ಫಾರ್ಮಿನ ತುದಿಯ ಹಳದಿ ಫಲಕದಲ್ಲಿ ಊರ ಹೆಸರಿನ ಜೊತೆ ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂದು ಬರೆದಿರುವುದನ್ನು ಎಲ್ಲರೂ ನೋಡಿರುತ್ತಾರೆ. ಹಳಿಯ ಬದಿಯಲ್ಲಿ ಏರಿಳಿತ ತೋರಿಸುವ ಗ್ರೇಡಿಯಂಟ್ ಪೋಸ್ಟ್‌ಗಳಿರುತ್ತವೆ, ದೂರ ತೋರಿಸುವ ಕಿಲೋಮೀಟರ್ ಕಲ್ಲುಗಳಿರುತ್ತವೆ. ಎರಡು ಸ್ಟೇಷನ್ನುಗಳ ಎತ್ತರ ಗೊತ್ತು, ನಡುವಿನ ದೂರ ಗೊತ್ತು, ಏರು ಯಾವ ಮಿತಿಯೊಳಗಿರಬೇಕೆಂದು ಗೊತ್ತು. ಈಗ ಯಂತ್ರಕ್ಕೆ ನಿಜವಾದ ಕೆಲಸ ಸಿಕ್ಕಿತು. ಈ ಕಟ್ಟುಪಾಡುಗಳನ್ನು ಮೀರದೆ, ನಕ್ಷೆಯ ಬಿಂದುಗಳಿಗೆ ಆದಷ್ಟು ಹತ್ತಿರವಾಗಿ ಹಳಿಯ ರೇಖೆಯನ್ನು ಕೂರಿಸು ಎಂದು ಹೇಳಬಹುದು. ತಿರುವುಗಳಿಗೂ ಇದೇ ಮಾತು. ಓಪನ್ ಸ್ಟ್ರೀಟ್ ಮ್ಯಾಪಿನಲ್ಲಿ ಹಳಿ ಎಂದರೆ ಬಿಂದುಗಳನ್ನು ಸೇರಿಸಿದ ಮುರುಕು ಗೆರೆ. ನಿಜವಾದ ಹಳಿ ನೇರ, ನಿಧಾನವಾಗಿ ಬಾಗುವ ಭಾಗ, ಆಮೇಲೆ ವೃತ್ತದ ತುಂಡು ಎಂದು ಶಿಸ್ತಾಗಿ ಹೆಣೆದದ್ದು. ಭಾರತೀಯ ರೈಲ್ವೆ ತಿರುವನ್ನು ಡಿಗ್ರಿಯಲ್ಲಿ ಹೇಳುತ್ತದೆ. 1750ನ್ನು ಮೀಟರಿನಲ್ಲಿರುವ ತ್ರಿಜ್ಯದಿಂದ ಭಾಗಿಸಿದರೆ ಡಿಗ್ರಿ, ಅಂದರೆ 350 ಮೀಟರ್ ತ್ರಿಜ್ಯದ್ದು 5 ಡಿಗ್ರಿ ತಿರುವು. ಮುರುಕು ಗೆರೆಯೊಳಗಿಂದ ಈ ಶಿಸ್ತನ್ನು ಹೊರಗೆಳೆಯುವುದು ಕಂಪ್ಯೂಟರ್ ಚೆನ್ನಾಗಿ ಮಾಡುವ ಕೆಲಸ. ಮನುಷ್ಯ ತಿಂಗಳುಗಟ್ಟಲೆ ಮೌಸ್ ಹಿಡಿದು ಎಳೆಯುತ್ತಿದ್ದುದನ್ನು ಅದು ಬೇಗ ಮುಗಿಸಬಲ್ಲದು. ಕಾಡಿಗೆ ಮರ ನೆಡುವುದು, ಗದ್ದೆಗೆ ಬಣ್ಣ ತುಂಬುವುದು, ದೂರದ ಹಳ್ಳಿಗೆ ಹೆಂಚಿನ ಮನೆ ಹರಡುವುದು ಇವನ್ನೂ ಧಾರಾಳವಾಗಿ ಅದಕ್ಕೆ ಬಿಡಬಹುದು. ಅಲ್ಲಿ ಒಂದು ಮರ ಆಚೀಚೆಯಾದರೆ ಯಾರಿಗೂ ನಷ್ಟವಿಲ್ಲ.

ಎಂಜಿನ್ ವಿಷಯ ಹಾಗಲ್ಲ. ಈ ಆಟಗಳಲ್ಲಿ ಪ್ರತಿ ಎಂಜಿನ್‌ಗೂ ಒಂದು ಪಠ್ಯ ಕಡತ ಇರುತ್ತದೆ. ತೂಕ, ಶಕ್ತಿ, ಎಳೆತದ ಬಲ, ಗರಿಷ್ಠ ವೇಗ, ಬ್ರೇಕಿನ ಗುಣ ಎಲ್ಲ ಅದರಲ್ಲಿ. ಚಾಟ್‌ಜಿಪಿಟಿಯಂಥ ಭಾಷಾ ಮಾದರಿಗೆ ಕೇಳಿದರೆ ಕ್ಷಣದಲ್ಲಿ ಇಂಥ ಕಡತ ಬರೆದುಕೊಡುತ್ತದೆ, ಆವರಣ ಚಿಹ್ನೆಗಳೆಲ್ಲ ಸರಿಯಾಗಿರುತ್ತವೆ. ಒಳಗಿನ ಅಂಕಿಗಳನ್ನು ಮಾತ್ರ ನಂಬುವಂತಿಲ್ಲ. ನಮ್ಮ ರೈಲ್ವೆಯ ಎರಡು ಹೆಸರಾಂತ ವಿದ್ಯುತ್ ಎಂಜಿನ್‌ಗಳನ್ನೇ ತೆಗೆದುಕೊಳ್ಳಿ: ಪ್ರಯಾಣಿಕ ಗಾಡಿಗಳ ಡಬ್ಲ್ಯುಎಪಿ-7 ಮತ್ತು ಗೂಡ್ಸ್ ಗಾಡಿಗಳ ಡಬ್ಲ್ಯುಎಜಿ-9. ಎರಡೂ ಒಂದೇ ಮನೆತನದವು. ತೂಕ ಎರಡಕ್ಕೂ 123 ಟನ್, ಶಕ್ತಿ ಎರಡರದ್ದೂ ಆರು ಸಾವಿರ ಎಚ್‌ಪಿಗೂ ಮೇಲೆ. ವ್ಯತ್ಯಾಸ ಇರುವುದು ಗೇರಿನ ಅನುಪಾತದಲ್ಲಿ. ಅದರಿಂದಾಗಿ ಹೊರಡುವಾಗಿನ ಎಳೆತ ಡಬ್ಲ್ಯುಎಪಿ-7ಕ್ಕೆ ಸುಮಾರು 323 ಕಿಲೋನ್ಯೂಟನ್, ಡಬ್ಲ್ಯುಎಜಿ-9ಕ್ಕೆ ಸುಮಾರು 460. ಕಾಗದದಲ್ಲಿ ಹೆಚ್ಚುಕಡಿಮೆ ಅವಳಿಗಳಂತೆ ಕಾಣುವ ಇವೆರಡರ ಅಂಕಿಗಳನ್ನು ಭಾಷಾ ಮಾದರಿ ಬೆರೆಸಿಬಿಟ್ಟರೆ ಓದುವಾಗ ಯಾರಿಗೂ ಅನುಮಾನ ಬಾರದು.

ಗೊತ್ತಾಗುವುದು ಏರಿನಲ್ಲಿ. 50ಕ್ಕೆ 1ರ ಏರಿನಲ್ಲಿ ಸಾವಿರ ಟನ್ ತೂಕವನ್ನು ಹಿಂದೆ ಜಾರದಂತೆ ಹಿಡಿದು ನಿಲ್ಲಿಸಲೇ ಇಪ್ಪತ್ತು ಟನ್‌ನಷ್ಟು ಬಲ, ಎಂದರೆ ಸುಮಾರು 196 ಕಿಲೋನ್ಯೂಟನ್ ಬೇಕು. ಮೂರು ಸಾವಿರ ಟನ್ನಿನ ಗೂಡ್ಸ್ ಗಾಡಿಗೆ ಸುಮಾರು 590. ಒಂದು ಡಬ್ಲ್ಯುಎಜಿ-9ರ ಇಡೀ ಬಲವೂ ಅದಕ್ಕೆ ಸಾಲದು. ಘಾಟಿಯಲ್ಲಿ ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್ ಕಟ್ಟುವುದು ಇದೇ ಕಾರಣಕ್ಕೆ. ಆಟದಲ್ಲಿ ಬ್ಯಾಂಕರ್ ಇಲ್ಲದೆಯೂ ಅಂಥ ಗಾಡಿ ಸಲೀಸಾಗಿ ಘಾಟಿ ಹತ್ತಿದರೆ ಕಡತದಲ್ಲಿ ಎಲ್ಲೋ ಸುಳ್ಳು ಸೇರಿದೆ ಎಂದೇ ಅರ್ಥ.

ಬಲ ಇದ್ದರಷ್ಟೇ ಸಾಲದು, ಚಕ್ರ ಹಳಿಯನ್ನು ಕಚ್ಚಬೇಕು. ಅದಕ್ಕೆ ಓಪನ್ ರೈಲ್ಸ್ ಬಳಸುವುದು ಕರ್ಟಿಯಸ್ ಮತ್ತು ಕ್ನಿಫ್ಲರ್ ಎಂಬ ಜರ್ಮನ್ ಎಂಜಿನಿಯರ್‌ಗಳು 1940ರ ದಶಕದಲ್ಲಿ ಪ್ರಯೋಗ ಮಾಡಿ ಕಂಡುಕೊಂಡ ಸೂತ್ರವನ್ನು. ಅದರ ಪ್ರಕಾರ ಒಣ ಹಳಿಯ ಮೇಲೆ ನಿಂತ ಎಂಜಿನ್ನಿನ ಹಿಡಿತ ಅದರ ತೂಕದ ಸುಮಾರು ಶೇ 33. ಗಂಟೆಗೆ 50 ಕಿಲೋಮೀಟರ್ ಮುಟ್ಟುವಾಗ ಅದು ಶೇ 24ಕ್ಕೆ ಇಳಿದಿರುತ್ತದೆ. ಈಗ ಡಬ್ಲ್ಯುಎಜಿ-9ನ್ನು ಈ ಸೂತ್ರಕ್ಕೆ ಒಡ್ಡಿ. 123 ಟನ್ನಿನ ಶೇ 33 ಎಂದರೆ ಸುಮಾರು 400 ಕಿಲೋನ್ಯೂಟನ್. ಎಂಜಿನ್ನಿನ ಬಲ 460. ಸೂತ್ರದ ಪ್ರಕಾರ ಚಕ್ರ ನಿಂತಲ್ಲೇ ಜಾರಬೇಕು. ನಿಜದಲ್ಲಿ ಹಾಗಾಗುವುದಿಲ್ಲ. ಮೂರು ಫೇಸಿನ ಮೋಟಾರುಗಳಿರುವ ಹೊಸ ಎಂಜಿನ್‌ಗಳು ಚಕ್ರದ ಜಾರಾಟವನ್ನು ಕ್ಷಣಕ್ಷಣಕ್ಕೂ ಅಳೆದು ಹದ್ದುಬಸ್ತಿನಲ್ಲಿಡುತ್ತವೆ, ಹಾಗಾಗಿ ಹಳೆಯ ಸೂತ್ರ ಹೇಳುವುದಕ್ಕಿಂತ ಹೆಚ್ಚು ಹಿಡಿತ ಸಿಗುತ್ತದೆ. ಮಾದರಿ ಕಟ್ಟುವವರು ಇದನ್ನು ತಿಳಿದು ಹಿಡಿತದ ಗುಣಾಂಕವನ್ನು ತಿದ್ದಬೇಕು. ಮಳೆಗಾಲದ ಒದ್ದೆ ಹಳಿಗೆ ಇನ್ನೊಂದು ಅಂಕಿ ಬೇಕು. ಗಾಡಿಯ ಓಟಕ್ಕೆ ಎದುರಾಗುವ ತಡೆಗೆ ಡೇವಿಸ್ 1926ರಲ್ಲಿ ಕೊಟ್ಟ ಸಮೀಕರಣವಿದೆ. ಬ್ರೇಕಿಗೂ ತನ್ನದೇ ನಡವಳಿಕೆಯಿದೆ: ಚಾಲಕ ಹಿಡಿಕೆ ತಿರುಗಿಸಿದೊಡನೆ ಇಡೀ ಗಾಡಿ ಒಟ್ಟಿಗೆ ಬ್ರೇಕ್ ಹಾಕುವುದಿಲ್ಲ. ಪ್ರತಿ ಚದರ ಸೆಂಟಿಮೀಟರಿಗೆ 5 ಕಿಲೋ ಒತ್ತಡದ ಬ್ರೇಕ್ ಪೈಪಿನಲ್ಲಿ ಗಾಳಿ ಇಳಿಯುತ್ತಾ ಹೋಗಿ ಕೊನೆಯ ವ್ಯಾಗನ್ನಿಗೆ ಸುದ್ದಿ ಮುಟ್ಟಲು ಹಲವು ಸೆಕೆಂಡ್ ಬೇಕು. ಇವೆಲ್ಲ ನೂರು ವರ್ಷ ಅಳೆದು ಬರೆದಿಟ್ಟ ಸತ್ಯಗಳು. ಇಷ್ಟಿರುವಾಗ ಎಂಜಿನ್ನಿನ ಅಂಕಿಗಳಿಗೆ ಮಾದರಿಯ ಊಹೆಯನ್ನು ಒಪ್ಪಿಕೊಳ್ಳುವ ಅಗತ್ಯವೇ ಇಲ್ಲ.

ಹಾಗೆಂದು ಭಾಷಾ ಮಾದರಿಗಳು ಇಲ್ಲಿ ನಿರುಪಯೋಗಿ ಎಂದಲ್ಲ. ಹಳೆಯ ಆಟಗಳ ಕಡತಗಳನ್ನು ಹೊಸ ರೂಪಕ್ಕೆ ತರುವ ಸಣ್ಣ ಪ್ರೋಗ್ರಾಮುಗಳನ್ನು ಅವುಗಳಿಂದ ಬರೆಸಬಹುದು. ಫಲಿತಾಂಶ ತಪ್ಪಾದರೆ ಕಡತ ತೆರೆಯುವುದೇ ಇಲ್ಲ, ಸುಳ್ಳು ತಕ್ಷಣ ಬಯಲಾಗುತ್ತದೆ. ಮಂಕಾದ ಹಳೆಯ ಬೋಗಿಯ ಚಿತ್ರಗಳನ್ನು ಹಿಗ್ಗಿಸಿ ನಿಚ್ಚಳ ಮಾಡಲು 2018ರಿಂದ ಬಳಕೆಯಲ್ಲಿರುವ ಇಎಸ್‌ಆರ್‌ಗ್ಯಾನ್‌ನಂಥ ಮಾದರಿಗಳಿವೆ. ಪರೀಕ್ಷೆಗಂತೂ ಎಐ ಅಪ್ಪಟ ನೆರವು. ಓಪನ್ ರೈಲ್ಸ್‌ನಲ್ಲಿ ಆಟಗಾರನ ಗಾಡಿಯನ್ನೂ ಪ್ರೋಗ್ರಾಮಿಗೇ ಒಪ್ಪಿಸುವ ಸೌಲಭ್ಯವಿದೆ. ಮಾರ್ಗ ಕಟ್ಟಿದವರು ಅದನ್ನು ಹಚ್ಚಿಟ್ಟು ಹೋದರೆ ಗಾಡಿ ತಾನೇ ಉದ್ದಕ್ಕೂ ಓಡುತ್ತದೆ. ಎಲ್ಲಿ ಸಿಗ್ನಲ್ ಹಸಿರಾಗಲಿಲ್ಲ, ಎಲ್ಲಿ ಎರಡು ಗಾಡಿ ಸಿಕ್ಕಿಬಿದ್ದವು ಎಂದು ಆಮೇಲೆ ನೋಡಿಕೊಳ್ಳಬಹುದು.

ಕನ್ನಡದ ಮಾರ್ಗವೊಂದನ್ನು ಕಟ್ಟುವಾಗ ಬರುವ ಇನ್ನೊಂದು ಪ್ರಶ್ನೆ ಭಾಷೆಯದು. ಸ್ಟೇಷನ್ನಿನ ಹಳದಿ ಫಲಕವನ್ನು ಚಿತ್ರ ಬಿಡಿಸುವ ಎಐಗೆ ಬರೆಯಲು ಹೇಳಿದರೆ ಒತ್ತಕ್ಷರಗಳು ಕಲಸಿಹೋಗುವುದೇ ಹೆಚ್ಚು. ‘ಸುಬ್ರಹ್ಮಣ್ಯ’ದಂಥ ಹೆಸರು ಅದರ ಕೈಗೆ ಸಿಕ್ಕರೆ ಯಾವ ಲಿಪಿಯೂ ಅಲ್ಲದ ಗೀಟುಗಳಾಗಿ ಹೊರಬರಬಹುದು. ಇದಕ್ಕೆ ಎಐ ಬೇಕಾಗಿಯೇ ಇಲ್ಲ. ಒಂದು ಒಳ್ಳೆಯ ಕನ್ನಡ ಫಾಂಟ್, ಒಂದು ಹಳದಿ ಹಿನ್ನೆಲೆ ಸಾಕು. ಧ್ವನಿಯ ವಿಷಯದಲ್ಲಿ ಮಾತ್ರ ಪರಿಸ್ಥಿತಿ ಆಶಾದಾಯಕ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಸಿಸ್ಪಿನ್’ ಯೋಜನೆ ಕನ್ನಡವೂ ಸೇರಿದಂತೆ ಒಂಬತ್ತು ಭಾರತೀಯ ಭಾಷೆಗಳಲ್ಲಿ ಪಠ್ಯವನ್ನು ಮಾತಾಗಿಸುವ ಮಾದರಿಗಳಿಗೆ ಬೇಕಾದ ಧ್ವನಿ ಸಂಗ್ರಹ ಮಾಡಿದೆ. ಮದ್ರಾಸ್ ಐಐಟಿಯ ಎಐ4ಭಾರತ್ ತಂಡವೂ ಕನ್ನಡ ಮಾತಾಡಬಲ್ಲ ಮುಕ್ತ ಮಾದರಿಗಳನ್ನು ಹೊರತಂದಿದೆ. ಹೀಗಾಗಿ ಹಣವಿಲ್ಲದ ಅಭಿಮಾನಿಯೂ ತನ್ನ ಮಾರ್ಗದ ಪ್ರತಿ ಸ್ಟೇಷನ್ನಿಗೆ ಕನ್ನಡದಲ್ಲಿ ಘೋಷಣೆ ಹಾಕಬಹುದು. ಹೆಸರಿನ ಉಚ್ಚಾರ ಸರಿಯೇ ಎಂದು ಆ ಊರಿನವರೊಬ್ಬರಿಗೆ ಕೇಳಿಸಿದರೆ ಪರೀಕ್ಷೆಯೂ ಮುಗಿಯಿತು.

ಆದರೆ ಧ್ವನಿಗೆ ಒಡೆಯರಿರುತ್ತಾರೆ. ಸ್ಕಾಟ್ಲೆಂಡಿನ ರೈಲುಗಳಲ್ಲಿ ‘ಅಯೋನಾ’ ಎಂಬ ಎಐ ಧ್ವನಿ ಘೋಷಣೆ ಮಾಡತೊಡಗಿತ್ತು. 2025ರಲ್ಲಿ ಗೇಯಾನ್ ಪಾಟರ್ ಎಂಬ ಧ್ವನಿ ಕಲಾವಿದೆ, ಅದು ತಾನು ಕೆಲವು ವರ್ಷಗಳ ಹಿಂದೆ ಬೇರೊಂದು ಉದ್ದೇಶಕ್ಕೆ ಕೊಟ್ಟ ಧ್ವನಿಮುದ್ರಣದಿಂದ ಮಾಡಿದ್ದು, ತನ್ನ ಒಪ್ಪಿಗೆ ಇರಲಿಲ್ಲ ಎಂದು ಬಹಿರಂಗವಾಗಿ ದೂರಿದರು. ದೊಡ್ಡ ಸುದ್ದಿಯಾಯಿತು. ರೈಲು ಆಟಗಳ ಲೋಕದಲ್ಲಿ ಈ ಪ್ರಶ್ನೆ ಇನ್ನೂ ಸೂಕ್ಷ್ಮ. ಇಲ್ಲಿನ ಬಹುಪಾಲು ಸಂಪತ್ತು ಯಾರೋ ಸಂಬಳವಿಲ್ಲದೆ ರಾತ್ರಿ ಕುಳಿತು ಕಟ್ಟಿದ್ದು. ಒಂದು ಬೋಗಿಯನ್ನು ಡೌನ್‌ಲೋಡ್ ಮಾಡಿದರೆ ಜೊತೆಗೊಂದು ಚಿಕ್ಕ ಕಡತ ಬರುತ್ತದೆ. ಮಾಡಿದವರ ಹೆಸರು, ಧ್ವನಿ ಕೊಟ್ಟವರ ಹೆಸರು, ಯಾರು ಹೇಗೆ ಬಳಸಬಹುದು ಎಂಬ ಷರತ್ತು ಅದರಲ್ಲಿರುತ್ತದೆ. ಎರಡು ದಶಕಗಳಿಂದ ಈ ಸಮುದಾಯ ಉಳಿದಿರುವುದು ಆ ಚಿಕ್ಕ ಕಡತದ ಮರ್ಯಾದೆಯ ಮೇಲೆ. ಆ ಕೆಲಸವನ್ನೆಲ್ಲ ನುಂಗಿ, ಹೆಸರು ಅಳಿಸಿ, ಹೊಸದೆಂದು ಮಾರುವುದು ಅನ್ಯಾಯ, ಅದಕ್ಕೆ ಎಷ್ಟೇ ಜಾಣ ತಂತ್ರಜ್ಞಾನ ಬಳಸಿದ್ದರೂ ಸರಿ. ಕಂಪ್ಯೂಟರ್ ಆಟಗಳ ಅತಿ ದೊಡ್ಡ ಮಾರುಕಟ್ಟೆಯಾದ ಸ್ಟೀಮ್ 2024ರ ಜನವರಿಯಲ್ಲಿ ಒಂದು ನಿಯಮ ತಂದಿತು. ಆಟ ಕಟ್ಟುವಾಗ ಎಐನಿಂದ ಏನೇನು ಮಾಡಿಸಲಾಗಿದೆ, ಆಟ ನಡೆಯುತ್ತಿರುವಾಗ ಎಐ ಏನು ಸೃಷ್ಟಿಸುತ್ತದೆ ಎಂಬುದನ್ನು ತಯಾರಕರು ಬೇರೆಬೇರೆಯಾಗಿ ತಿಳಿಸಬೇಕು, ಅದರ ವಿವರ ಕೊಳ್ಳುವವರ ಕಣ್ಣಿಗೂ ಬೀಳಬೇಕು. ಅಭಿಮಾನಿಗಳು ಉಚಿತವಾಗಿ ಹಂಚುವ ಮಾರ್ಗಗಳಲ್ಲೂ ಇದೇ ಪದ್ಧತಿ ಬಂದರೆ ಒಳ್ಳೆಯದು. ಎತ್ತರ ಎಲ್ಲಿಂದ, ಹಳಿಯ ರೇಖೆ ಎಲ್ಲಿಂದ, ಯಾವುದು ಯಂತ್ರದ್ದು, ಯಾವುದು ಸ್ಥಳಕ್ಕೆ ಹೋಗಿ ನೋಡಿ ಹಾಕಿದ್ದು ಎಂದು ನಾಲ್ಕು ಸಾಲು ಬರೆದರೆ ಮುಂದೆ ತಿದ್ದುವವರಿಗೆ ದಾರಿ ಸುಗಮ.

ಆಟಕ್ಕೂ ನಿಜದ ರೈಲಿಗೂ ನಡುವೆ ಕೊಡುಕೊಳ್ಳುವಿಕೆ ನಡೆಯುತ್ತಿದೆ. ಫ್ಲ್ಯಾಟ್‌ಲ್ಯಾಂಡ್ ಸ್ಪರ್ಧೆಗೆ ಎಸ್‌ಬಿಬಿಯ ಜೊತೆ ಮುಂದೆ ಜರ್ಮನಿಯ ಡಾಯ್ಚ ಬಾನ್, ಫ್ರಾನ್ಸಿನ ಎಸ್‌ಎನ್‌ಸಿಎಫ್ ರೈಲ್ವೆಗಳೂ ಕೈಜೋಡಿಸಿದವು. ಐರೋಪ್ಯ ಒಕ್ಕೂಟದ ನೆರವಿನಿಂದ 2023ರಲ್ಲಿ ಶುರುವಾದ ‘ಎಐ4ರಿಯಲ್‌ನೆಟ್’ ಎಂಬ ಸಂಶೋಧನಾ ಯೋಜನೆ ವಿದ್ಯುತ್ ಜಾಲ, ವಿಮಾನ ಸಂಚಾರ, ರೈಲು ಸಂಚಾರ ಈ ಮೂರನ್ನೂ ಒಟ್ಟಿಗೆ ಅಧ್ಯಯನ ಮಾಡುತ್ತಿದೆ. ರೈಲಿನ ಭಾಗಕ್ಕೆ ಅದು ಬಳಸುತ್ತಿರುವುದು ಆ ಚೌಕಗಳ ಫ್ಲ್ಯಾಟ್‌ಲ್ಯಾಂಡನ್ನೇ. ಕಂಟ್ರೋಲ್ ರೂಮಿನಲ್ಲಿ ಕುಳಿತ ಮನುಷ್ಯನಿಗೆ ಎಐ ಸಲಹೆ ಕೊಡುವುದು ಹೇಗೆ, ಆ ಸಲಹೆಯ ಹಿಂದಿನ ಕಾರಣವನ್ನು ಅವನಿಗೆ ಕಾಣುವಂತೆ ಮಾಡುವುದು ಹೇಗೆ, ಅವನು ಬೇಡವೆಂದಾಗ ಮುಂದೇನು ಎಂಬ ಪ್ರಶ್ನೆಗಳು ಅಲ್ಲಿ ಪರೀಕ್ಷೆಗೆ ಒಳಪಡುತ್ತಿವೆ.